ಚಿತ್ತದ ಗೊಂದಲಕ್ಕೆ ಇಂಗ್ಲಿಷ್ ಪದಗಳು: ಒಂದು ಅಭ್ಯಾಸ

ಹೊರನಾಡಿನ ಮಹಾನಗರಗಳಲ್ಲಿ ನೆಲೆಸಿರುವ ಕನ್ನಡಿಗನ ದಿನಚರಿ ಮೂರು ನಾಲ್ಕು ಭಾಷೆಗಳಲ್ಲಿ ಸಾಗುತ್ತದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ತಮಿಳು, ತೆಲುಗು ಅಥವಾ ಹಿಂದಿ, ಕಚೇರಿಯಲ್ಲಿ ಇಂಗ್ಲಿಷ್. ತರಕಾರಿ ಕೊಳ್ಳುವಾಗಲೋ ರೈಲಿನ ಟಿಕೆಟು ಪಡೆಯುವಾಗಲೋ ಒಂದು ಪದ ಅತ್ತಿತ್ತ ಆದರೆ ಹೆಚ್ಚಿನ ಹಾನಿಯಿಲ್ಲ. ಕೈಸನ್ನೆಯೇ ಕೆಲಸ ಪೂರೈಸುತ್ತದೆ. ಆದರೆ ಮನೆಯ ಹಿರಿಯರೊಬ್ಬರು ಇದ್ದಕ್ಕಿದ್ದಂತೆ ಅಸಂಬದ್ಧವಾಗಿ ಮಾತನಾಡತೊಡಗಿದರೆಂದು ಭಾವಿಸೋಣ. ಅವರನ್ನು ಆಸ್ಪತ್ರೆಗೆ ಕರೆದೊಯ್ದಾಗ ವೈದ್ಯರು ಕೇಳುವ ಮೊದಲ ಪ್ರಶ್ನೆಗೆ ನಾವು ಕೊಡುವ ಉತ್ತರದಲ್ಲಿ ಒಂದೊಂದು ಪದಕ್ಕೂ ಬೆಲೆಯಿದೆ. ಸಾಮಾನ್ಯವಾಗಿ ನಾವು ಹೇಳುವುದು ಒಂದೇ ಮಾತು: ‘ಕನ್‌ಫ್ಯೂಷನ್’. ಈ ಒಂದು ಪದದ ಮರೆಯಲ್ಲಿ ಏಳೆಂಟು ಬೇರೆ ಬೇರೆ ಸ್ಥಿತಿಗಳಿವೆ. ಅವುಗಳಲ್ಲಿ ಕೆಲವಕ್ಕೆ ಗಂಟೆಗಳೊಳಗೆ ಚಿಕಿತ್ಸೆ ದೊರೆಯಬೇಕು. ಕೆಲವಕ್ಕೆ ವರ್ಷಗಟ್ಟಲೆ ಆರೈಕೆ ಬೇಕು.

ಪ್ರಸ್ತುತ ಲೇಖಕ ವೃತ್ತಿಯಿಂದ ಬ್ಯಾಂಕಿನ ಅಧಿಕಾರಿ, ಓದಿನಿಂದ ವಾಣಿಜ್ಯದ ಪದವೀಧರ. ಲೆಕ್ಕದ ಪುಸ್ತಕದಲ್ಲಿ ಒಂದು ಖಾತೆಯ ಮೊತ್ತವನ್ನು ಇನ್ನೊಂದು ಖಾತೆಗೆ ಬರೆದರೆ ಆಗುವ ಅನರ್ಥವನ್ನು ಬಲ್ಲವರಿಗೆ, ಒಂದು ಸ್ಥಿತಿಯನ್ನು ಇನ್ನೊಂದರ ಹೆಸರಿನಿಂದ ಕರೆದರೆ ಆಗುವ ಅನರ್ಥವೂ ಸುಲಭವಾಗಿ ಅರ್ಥವಾಗುತ್ತದೆ. ಆದುದರಿಂದ ಚಿತ್ತದ ಗೊಂದಲವನ್ನು ಸೂಚಿಸುವ ಇಂಗ್ಲಿಷ್ ಪದಗಳನ್ನು ಅವುಗಳ ತಕ್ಕ ಖಾತೆಗಳಲ್ಲಿ ಬರೆದು ತೋರಿಸುವುದೇ ಈ ಲೇಖನದ ಉದ್ದೇಶ.

1. ನಿತ್ಯದ ಮಾತುಗಳು

ಇಂಗ್ಲಿಷಿನಲ್ಲಿ ಪದಗಳನ್ನು ಅಕಾರಾದಿಯಾಗಿ ಜೋಡಿಸದೆ ಅರ್ಥಾನುಸಾರವಾಗಿ ಗುಂಪು ಮಾಡಿ ‘ಥಿಸಾರಸ್’ ಎಂಬ ಪ್ರಸಿದ್ಧ ಕೋಶವನ್ನು 1852ರಲ್ಲಿ ಪ್ರಕಟಿಸಿದ ಪೀಟರ್ ಮಾರ್ಕ್ ರೋಜೆ ಸ್ವತಃ ವೈದ್ಯ. ವೈದ್ಯನೊಬ್ಬನಿಗೆ ಸಮಾನಾರ್ಥಕಗಳ ಸೂಕ್ಷ್ಮ ವ್ಯತ್ಯಾಸಗಳಲ್ಲಿ ಆಸಕ್ತಿ ಹುಟ್ಟಿದ್ದು ಉಚಿತವೇ ಸರಿ. ಮೊದಲು ನಿತ್ಯ ವ್ಯವಹಾರದ ಪದಗಳನ್ನು ನೋಡೋಣ. ಅವುಗಳ ಮೂಲಾರ್ಥ ತಿಳಿದರೆ ನೆನಪಿಡುವುದು ಸುಲಭ. ಕನ್ನಡದಲ್ಲಿ ಅವುಗಳಿಗೆ ಸಮೀಪದ ನೆಂಟರಿರುವುದೂ ಕಂಡುಬರುತ್ತದೆ.

‘ಕನ್‌ಫ್ಯೂಸ್’ ಎಂಬುದು ‘ಒಟ್ಟಿಗೆ ಸುರಿ’ ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದದಿಂದ ಬಂದಿದೆ. ಬೇರೆ ಬೇರೆ ಪಾತ್ರೆಗಳಲ್ಲಿ ಇರಬೇಕಾದುದನ್ನು ಒಂದೇ ಪಾತ್ರೆಗೆ ಸುರಿದರೆ ಯಾವುದು ಯಾವುದೆಂದು ತಿಳಿಯದು. ನಮ್ಮ ‘ಕಲಸುಮೇಲೋಗರ’ ಎಂಬ ಅಡುಗೆಮನೆಯ ಮಾತು ಇದಕ್ಕೆ ಅತಿ ಸಮೀಪದ್ದು. ಬ್ಯಾಂಕಿನಲ್ಲಿ ನಾವು ದಿನವೂ ಬಳಸುವ ‘ರಿಫಂಡ್’ ಸಹ ಅದೇ ಮೂಲದ್ದು. ‘ಹಿಂದಕ್ಕೆ ಸುರಿ’ ಎಂದು ಅದರ ಅರ್ಥ. ‘ಫಂಡ್’ ಮಾತ್ರ ‘ತಳ’, ‘ಬುಡ’ ಎಂಬ ಅರ್ಥದ ಬೇರೊಂದು ಲ್ಯಾಟಿನ್ ಪದದ ಸಂತಾನ. ಇಲ್ಲೊಂದು ವ್ಯಾಕರಣದ ಎಚ್ಚರಿಕೆ: ‘ಐ ಆಮ್ ಕನ್‌ಫ್ಯೂಸ್ಡ್’ ಎಂದರೆ ನನಗೆ ಗೊಂದಲವಾಗಿದೆ, ‘ಐ ಆಮ್ ಕನ್‌ಫ್ಯೂಸಿಂಗ್’ ಎಂದರೆ ನಾನು ಇತರರನ್ನು ಗೊಂದಲಗೊಳಿಸುತ್ತಿದ್ದೇನೆ. ಎರಡಕ್ಕೂ ಅಜಗಜಾಂತರ.

‘ಮಡಲ್’ ಎಂಬುದು ಕೆಸರಿಗೆ ಸಂಬಂಧಿಸಿದ ಮಾತು. ತಿಳಿನೀರನ್ನು ಕದಡಿ ಬಗ್ಗಡ ಮಾಡುವುದೇ ಅದರ ಹಳೆಯ ಅರ್ಥ. ‘ಮನಸ್ಸು ಕದಡಿತು’ ಎಂದು ನಾವು ಹೇಳುವಾಗ ಅದೇ ಚಿತ್ರ ನಮ್ಮ ಕಣ್ಣ ಮುಂದೆಯೂ ಇರುತ್ತದೆ. ‘ಪರ್‌ಪ್ಲೆಕ್ಸ್’ ಎಂಬುದು ಹೆಣೆ, ಹೆಣೆದುಕೊಳ್ಳು ಎಂಬ ಅರ್ಥದ ಧಾತುವಿನಿಂದ ಬಂದದ್ದು. ‘ಕಾಂಪ್ಲೆಕ್ಸ್’ ಅದರ ಸೋದರ. ನೂಲು ಸಿಕ್ಕಾಗಿ ತುದಿಮೊದಲು ಸಿಗದಂತಾದರೆ ಕನ್ನಡದಲ್ಲಿ ‘ಗೋಜಲು’ ಎನ್ನುತ್ತೇವೆ. ‘ಬಿವಿಲ್ಡರ್’ ಎಂಬುದರಲ್ಲಿ ಕಾಡಿದೆ: ದಾರಿಯಿಲ್ಲದ ಅಡವಿಯಲ್ಲಿ ದಾರಿ ತಪ್ಪಿಸುವುದು ಅದರ ಮೂಲಾರ್ಥ. ಹೊಸದಾಗಿ ಊರಿನಿಂದ ಬಂದವರು ದಾದರಿನ ಸೇತುವೆಯ ಮೇಲೆ ಸಂಜೆಯ ಜನಪ್ರವಾಹದ ನಡುವೆ ಕಕ್ಕಾಬಿಕ್ಕಿಯಾಗಿ ನಿಲ್ಲುವುದಕ್ಕೆ ಇದಕ್ಕಿಂತ ತಕ್ಕ ಪದ ಬೇರಿಲ್ಲ.

‘ಡಿಸ್‌ಓರಿಯೆಂಟ್’ ಎಂಬ ಪದದಲ್ಲಿ ‘ಓರಿಯೆಂಟ್’ ಎಂದರೆ ಸೂರ್ಯನು ಉದಯಿಸುವ ದಿಕ್ಕು, ಪೂರ್ವ. ಪೂರ್ವ ಯಾವುದೆಂದು ತಿಳಿಯದಿದ್ದರೆ ಉಳಿದ ದಿಕ್ಕುಗಳೂ ತಪ್ಪುತ್ತವೆ. ನಮ್ಮ ‘ದಿಗ್ಭ್ರಮೆ’ ಅಕ್ಷರಶಃ ಇದೇ: ದಿಕ್ಕುಗಳ ಭ್ರಮಣೆ. ಆದರೆ ಬಳಕೆಯಲ್ಲಿ ದಾರಿಗಳು ಬೇರೆಯಾಗಿವೆ. ಕನ್ನಡದಲ್ಲಿ ಇಂದು ‘ದಿಗ್ಭ್ರಮೆ’ ಎಂದರೆ ಆಘಾತದ ಸುದ್ದಿ ಕೇಳಿ ತತ್ತರಿಸುವುದು. ಇಂಗ್ಲಿಷಿನಲ್ಲಿ ಆ ಅರ್ಥಕ್ಕೆ ‘ಶಾಕ್ಡ್’ ಅಥವಾ ‘ಸ್ಟನ್ಡ್’ ಬೇಕು. ‘ಆಸ್ಟಾನಿಷ್’ ಎಂಬುದರ ಮೂಲದಲ್ಲಿ ಗುಡುಗಿದೆ. ಸಿಡಿಲು ಬಡಿದಂತಾಗುವುದು ಅದರ ಹಳೆಯ ಅರ್ಥ, ಈಗ ಅದು ಕೇವಲ ಬೆರಗಾಗಿ ಸೌಮ್ಯವಾಗಿದೆ. ‘ಡೈಲೆಮಾ’ ಗ್ರೀಕರ ತರ್ಕಶಾಸ್ತ್ರದ ಪದ. ಎರಡು ಪಕ್ಷಗಳ ನಡುವೆ ಸಿಕ್ಕಿ, ಯಾವುದನ್ನು ಒಪ್ಪಿದರೂ ತೊಂದರೆ ಎಂಬ ಸ್ಥಿತಿ. ನಮ್ಮ ‘ಉಭಯಸಂಕಟ’ ಅದಕ್ಕೆ ಸರಿಸಾಟಿ. ಕೇವಲ ‘ನನಗೆ ತಿಳಿಯುತ್ತಿಲ್ಲ’ ಎನ್ನಬೇಕಾದಲ್ಲಿ ಅದನ್ನು ಬಳಸಬಾರದು.

ಇನ್ನು ತೂಕದ ವ್ಯತ್ಯಾಸ. ‘ಪಝಲ್ಡ್’ ಎಂದರೆ ಯೋಚನೆ ನಡೆಯುತ್ತಿದೆ, ಉತ್ತರ ಸಿಕ್ಕಿಲ್ಲ. ‘ಬ್ಯಾಫಲ್ಡ್’ ಎಂದರೆ ಪ್ರಯತ್ನವೆಲ್ಲ ಮುಗಿದರೂ ಉತ್ತರ ಸಿಕ್ಕಿಲ್ಲ. ‘ಫ್ಲಸ್ಟರ್ಡ್’ ಎಂದರೆ ಅವಸರದಲ್ಲಿ ಗಲಿಬಿಲಿಗೊಂಡದ್ದು. ‘ಡೇಝ್ಡ್’ ಎಂದರೆ ಏಟಿನಿಂದಲೋ ಆಯಾಸದಿಂದಲೋ ಮಂಕು ಕವಿದದ್ದು. ‘ಡಿಸ್ಟ್ರಾಟ್’ ಎಂದರೆ ದುಃಖದಿಂದ ಕಂಗೆಟ್ಟದ್ದು. ‘ಬಿಮ್ಯೂಸ್ಡ್’ ಎಂಬುದನ್ನು ‘ಅಮ್ಯೂಸ್ಡ್’ ಎಂದು ತಿಳಿದು ಬಳಸುವವರಿದ್ದಾರೆ. ಅದರ ಸರಿಯಾದ ಅರ್ಥ ಗೊಂದಲಕ್ಕೊಳಗಾಗಿ ತನ್ನಲ್ಲೇ ಮುಳುಗಿದ ಸ್ಥಿತಿ. ‘ಫ್ಲಮಕ್ಸ್ಡ್’ ಎಂಬುದು ಡಿಕೆನ್ಸನ ‘ಪಿಕ್‌ವಿಕ್ ಪೇಪರ್ಸ್’ (1836–37) ಕಾದಂಬರಿಯಲ್ಲಿಯೇ ಕಾಣಸಿಗುವ ಆಡುಮಾತು. ಕಚೇರಿಯ ಪತ್ರದಲ್ಲಿ ಅದಕ್ಕೆ ಸ್ಥಳವಿಲ್ಲ.

ಈವರೆಗಿನ ಪದಗಳೆಲ್ಲ ಆರೋಗ್ಯವಂತರ ಮನಸ್ಸಿನವು. ಕಾರಣ ನಿವಾರಣೆಯಾದ ಕೂಡಲೇ ಮನಸ್ಸು ತಾನೇ ತಿಳಿಯಾಗುತ್ತದೆ. ಮುಂದೆ ಬರುವ ಪದಗಳ ವಿಷಯ ಹಾಗಲ್ಲ.

2. ವೈದ್ಯರ ಮಾತುಗಳು

‘ಡಿಲೀರಿಯಮ್’ ಎಂಬ ಪದ ಹುಟ್ಟಿದ್ದು ಹೊಲದಲ್ಲಿ. ಲ್ಯಾಟಿನ್ನಿನಲ್ಲಿ ‘ಲೀರಾ’ ಎಂದರೆ ಉಳುಮೆಯ ಸಾಲು. ನೇಗಿಲು ಸಾಲು ಬಿಟ್ಟು ಅಡ್ಡಾದಿಡ್ಡಿ ಹರಿಯುವುದೇ ಈ ಪದದ ಮೂಲಾರ್ಥ. ರೈತನ ಮಕ್ಕಳಾದ ನಮ್ಮಲ್ಲಿ ಅನೇಕರಿಗೆ ಇದು ಒಮ್ಮೆ ಕೇಳಿದರೆ ಮರೆಯದ ಚಿತ್ರ. ಕನ್ನಡದಲ್ಲಿ ಇದಕ್ಕೆ ಹಿರಿಯರು ಬಳಸುತ್ತಿದ್ದ ಪದ ‘ಸನ್ನಿ’. ಆಯುರ್ವೇದದ ‘ಸನ್ನಿಪಾತ’, ಅಂದರೆ ವಾತ ಪಿತ್ತ ಕಫಗಳು ಮೂರೂ ಒಟ್ಟಿಗೆ ಕೆರಳುವುದು, ಜನರ ಬಾಯಲ್ಲಿ ಹೀಗೆ ಕಿರಿದಾಯಿತು. ‘ಜ್ವರ ನೆತ್ತಿಗೇರಿ ಬಡಬಡಿಸುತ್ತಿದ್ದಾನೆ’ ಎಂಬ ಮಾತೂ ಇದನ್ನೇ ಸೂಚಿಸುತ್ತದೆ.

ಡಿಲೀರಿಯಮ್ಮಿಗೆ ಮೂರು ಗುರುತುಗಳಿವೆ. ಒಂದು, ಅದು ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಆರಂಭವಾಗುತ್ತದೆ. ಎರಡು, ಒಂದೇ ದಿನದಲ್ಲಿ ಏರಿಳಿಯುತ್ತದೆ. ಬೆಳಗ್ಗೆ ಸರಿಯಾಗಿದ್ದವರು ಸಂಜೆಗೆ ಮಕ್ಕಳನ್ನೇ ಗುರುತಿಸದೆ ಹೋಗಬಹುದು. ಮೂರು, ಗಮನ ನಿಲ್ಲುವುದಿಲ್ಲ. ವಾರದ ದಿನಗಳನ್ನು ಹಿಂದುಮುಂದಾಗಿ ಹೇಳಲು ಹೊರಟು ನಡುವೆಯೇ ಕೈಬಿಡುತ್ತಾರೆ. 1990ರಲ್ಲಿ ಅಮೆರಿಕೆಯ ವೈದ್ಯೆ ಶರನ್ ಇನೌಯೆ ಮತ್ತು ಸಂಗಡಿಗರು ಪ್ರಕಟಿಸಿದ ಪರೀಕ್ಷಾ ವಿಧಾನವೂ ಈ ಗುರುತುಗಳನ್ನೇ ಮುಖ್ಯವಾಗಿ ಆಧರಿಸಿದೆ. ಇವುಗಳ ಜೊತೆಗೆ ಆಲೋಚನೆಯ ಅಸ್ತವ್ಯಸ್ತತೆ ಅಥವಾ ಎಚ್ಚರದ ಮಟ್ಟದಲ್ಲಿ ವ್ಯತ್ಯಾಸ, ಎರಡರಲ್ಲಿ ಒಂದು ಇರಬೇಕೆಂದು ಆ ವಿಧಾನ ಹೇಳುತ್ತದೆ.

ಡಿಲೀರಿಯಮ್ ಎಂದರೆ ಕೂಗಾಟ, ಎದ್ದು ಓಡುವುದು ಎಂದಷ್ಟೇ ತಿಳಿಯಬಾರದು. ಅದರ ಇನ್ನೊಂದು ರೂಪದಲ್ಲಿ ರೋಗಿ ಮೌನವಾಗಿ ಮಂಪರಿನಲ್ಲಿ ಮಲಗಿರುತ್ತಾನೆ. ‘ಪಾಪ, ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದಾರೆ’ ಎಂದು ಮನೆಯವರು ಸುಮ್ಮನಾಗುವುದರಿಂದ ಈ ರೂಪವೇ ಹೆಚ್ಚು ಅಪಾಯಕಾರಿ. ಕಾರಣಗಳು ಬಹುತೇಕ ಮಿದುಳಿನ ಹೊರಗೇ ಇರುತ್ತವೆ: ಮೂತ್ರದ ಅಥವಾ ಶ್ವಾಸಕೋಶದ ಸೋಂಕು, ನಿರ್ಜಲತೆ, ರಕ್ತದಲ್ಲಿ ಸೋಡಿಯಮ್ ಅಥವಾ ಸಕ್ಕರೆ ಇಳಿಯುವುದು, ಶಸ್ತ್ರಚಿಕಿತ್ಸೆಯ ನಂತರದ ಸ್ಥಿತಿ, ನಿದ್ರೆಯ ಮಾತ್ರೆ, ಕೆಲವು ಅಲರ್ಜಿ ಮಾತ್ರೆಗಳು, ನಿತ್ಯ ಕುಡಿಯುವವರು ಮದ್ಯವನ್ನು ಹಠಾತ್ತನೆ ನಿಲ್ಲಿಸುವುದು. ವೃದ್ಧರಲ್ಲಿ ಸೋಂಕಿದ್ದರೂ ಜ್ವರ ಕಾಣಿಸದೆ ಗೊಂದಲವೊಂದೇ ಕಾಣಿಸಬಹುದು. ಕಾರಣ ಕಂಡುಹಿಡಿದು ಚಿಕಿತ್ಸೆ ಮಾಡಿದರೆ ಅನೇಕರು ಮೊದಲಿನಂತಾಗುತ್ತಾರೆ. ಕೆಲವರಿಗೆ ವಾರಗಳೇ ಬೇಕಾಗಬಹುದು. ಹೆರಿಗೆಯಾದ ಮೊದಲ ಎರಡು ವಾರಗಳಲ್ಲಿ ತಾಯಿಗೆ ನಿದ್ದೆಗೆಟ್ಟು, ಮಾತು ಅಸಂಬದ್ಧವಾದರೆ ಹಳ್ಳಿಯಲ್ಲಿ ‘ಬಾಣಂತಿ ಸನ್ನಿ’ ಎನ್ನುತ್ತಿದ್ದರು. ಅದನ್ನು ದೃಷ್ಟಿಯೆಂದೋ ಗಾಳಿಯೆಂದೋ ಬಗೆದು ಕಾಲ ಕಳೆಯಬಾರದು. ಅದೇ ದಿನ ವೈದ್ಯರ ಬಳಿ ಒಯ್ಯತಕ್ಕದ್ದು.

‘ಡಿಮೆನ್ಷಿಯಾ’ ಎಂದರೆ ‘ಮನಸ್ಸು ಕಳೆದುಹೋಗುವುದು’ ಎಂಬ ಅರ್ಥದ ಲ್ಯಾಟಿನ್ ಪದ. ಇದು ತಿಂಗಳುಗಳಲ್ಲಿ, ವರ್ಷಗಳಲ್ಲಿ ನಿಧಾನವಾಗಿ ಬೆಳೆಯುತ್ತದೆ. ಆರಂಭದಲ್ಲಿ ಎಚ್ಚರ, ಗಮನಗಳು ಸರಿಯಾಗಿದ್ದು ಹೊಸ ನೆನಪು ನಿಲ್ಲದಿರುವುದು ಸಾಮಾನ್ಯ. ಇದರ ಅತಿ ಸಾಮಾನ್ಯ ರೂಪವನ್ನು ಜರ್ಮನಿಯ ವೈದ್ಯ ಆಲೋಯಿಸ್ ಆಲ್ಝೈಮರ್ 1906ರಲ್ಲಿ ವಿವರಿಸಿದನು. 1910ರಲ್ಲಿ ಎಮಿಲ್ ಕ್ರೇಪಲಿನ್ ಅದಕ್ಕೆ ಆತನ ಹೆಸರನ್ನಿಟ್ಟನು. ‘ಅರುವತ್ತಕ್ಕೆ ಅರಳುಮರಳು’ ಎಂಬ ನಮ್ಮ ಗಾದೆ ಈ ಸ್ಥಿತಿಯನ್ನು ವಯಸ್ಸಿನ ಸಹಜ ಧರ್ಮವೆಂದು ಭಾವಿಸುತ್ತದೆ. ವೈದ್ಯಶಾಸ್ತ್ರ ಹಾಗೆ ಒಪ್ಪುವುದಿಲ್ಲ. ಅದು ರೋಗ, ಎಲ್ಲ ವೃದ್ಧರಿಗೂ ಬರತಕ್ಕದ್ದಲ್ಲ. ‘ಅರಳು ಮರಳು’ ಎಂಬ ಹೆಸರಿನ ಕವನ ಸಂಗ್ರಹಕ್ಕೆ ವರಕವಿ ಬೇಂದ್ರೆಯವರು 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದಾಗ ಅವರಿಗೆ ಅರುವತ್ತು ದಾಟಿತ್ತೆಂಬುದನ್ನು ಇಲ್ಲಿ ನೆನೆಯಬಹುದು. ಮರೆವಿನ ಲಕ್ಷಣಗಳಿಗೆ ಬಿ-12 ಜೀವಸತ್ವದ ಕೊರತೆ, ಥೈರಾಯ್ಡಿನ ನ್ಯೂನತೆ, ಖಿನ್ನತೆಗಳೂ ಕಾರಣವಾಗಬಹುದಾದ್ದರಿಂದ ಮತ್ತು ಅವುಗಳಿಗೆ ಚಿಕಿತ್ಸೆ ಇರುವುದರಿಂದ, ಗಾದೆಯ ಮಾತಿನಿಂದ ಸಮಾಧಾನಪಟ್ಟುಕೊಳ್ಳದೆ ಒಮ್ಮೆ ತಪಾಸಣೆ ಮಾಡಿಸುವುದು ಯುಕ್ತ.

ಡಿಮೆನ್ಷಿಯಾವನ್ನು ‘ಬುದ್ಧಿಮಾಂದ್ಯ’ ಎಂದು ಅನುವಾದಿಸುವುದು ತಪ್ಪು. ಫ್ರಾನ್ಸಿನ ವೈದ್ಯ ಎಸ್ಕಿರೋಲ್ ಹತ್ತೊಂಬತ್ತನೆಯ ಶತಮಾನದಲ್ಲೇ ಈ ವ್ಯತ್ಯಾಸವನ್ನು ಹಣದ ಹೋಲಿಕೆಯಿಂದ ತಿಳಿಸಿದ್ದನು. ಡಿಮೆನ್ಷಿಯಾ ಆದವನು ಸಂಪತ್ತು ಕಳೆದುಕೊಂಡ ಸಿರಿವಂತನಂತೆ. ಜನ್ಮತಃ ಬುದ್ಧಿ ಬೆಳೆಯದವನು ಮೊದಲಿನಿಂದ ಬಡವನಾಗಿದ್ದವನಂತೆ. ಬ್ಯಾಂಕಿನವರಿಗೆ ಇದಕ್ಕಿಂತ ಸುಲಭವಾದ ವಿವರಣೆ ಬೇಕಿಲ್ಲ.

‘ಅಫೇಸಿಯಾ’ ಎಂದರೆ ಮಿದುಳಿನ ಭಾಷಾಕೇಂದ್ರಗಳಿಗೆ ಪೆಟ್ಟು ಬಿದ್ದು ಮಾತು ಕೆಡುವುದು. ಕಾರ್ಲ್ ವೆರ್ನಿಕೆ 1874ರಲ್ಲಿ ವಿವರಿಸಿದ ಬಗೆಯಲ್ಲಿ ರೋಗಿ ನಿರರ್ಗಳವಾಗಿ ಮಾತನಾಡುತ್ತಾನೆ; ಆದರೆ ಪದಗಳು ತಪ್ಪಾಗಿರುತ್ತವೆ, ಕೇಳಿದ್ದು ಅರ್ಥವಾಗುವುದಿಲ್ಲ. ನೋಡುವವರಿಗೆ ಅದು ಗೊಂದಲವೆಂದೇ ತೋರುತ್ತದೆ. ಮಾತು ಹೀಗೆ ಹಠಾತ್ತಾಗಿ ಕೆಟ್ಟರೆ, ಜೊತೆಗೆ ಮುಖ ಸೊಟ್ಟಗಾದರೆ ಅಥವಾ ಒಂದು ಕೈ ಸೋತರೆ, ಅದು ಮಿದುಳಿನ ಆಘಾತ. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾಗುತ್ತದೆ. ಆದ್ದರಿಂದ ರೋಗಿ ಕೊನೆಯ ಬಾರಿ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂಬುದನ್ನು ತಿಳಿಸುವುದು ಅತ್ಯವಶ್ಯ. ‘ಅಮ್ನೀಸಿಯಾ’ ಎಂದರೆ ನೆನಪಿನ ಲೋಪ. ‘ಸ್ಟೂಪರ್’ ಎಂದರೆ ಬಲವಾಗಿ ಅಲುಗಿಸಿದರೆ ಮಾತ್ರ ಕಣ್ಣು ತೆರೆಯುವ ಜಡಸ್ಥಿತಿ. ‘ಕೋಮಾ’ ಎಂದರೆ ಅಲುಗಿಸಿದರೂ ಎಚ್ಚರವಾಗದ ಸ್ಥಿತಿ.

3. ಒಂದು ‘ಭ್ರಮೆ’, ಮೂರು ಪದಗಳು

ಕನ್ನಡದಲ್ಲಿ ‘ಭ್ರಮೆ’ ಎಂಬ ಒಂದೇ ಪದ ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ಮೂರು ಪದಗಳು ಹಂಚಿಕೊಂಡಿವೆ. ನಮ್ಮ ವೇದಾಂತಿಗಳ ಹಗ್ಗ ಮತ್ತು ಹಾವಿನ ದೃಷ್ಟಾಂತವನ್ನೇ ಇಲ್ಲಿ ಬಳಸಿಕೊಳ್ಳಬಹುದು. ಮಬ್ಬುಗತ್ತಲೆಯಲ್ಲಿ ಹಗ್ಗ ಹಾವಿನಂತೆ ಕಂಡರೆ ಅದು ‘ಇಲ್ಯೂಷನ್’. ವಸ್ತುವಿದೆ, ಗ್ರಹಿಕೆ ತಪ್ಪಿದೆ. ಹಗ್ಗವೇ ಇಲ್ಲದ ಬರಿ ನೆಲದ ಮೇಲೆ ಹಾವು ಕಂಡರೆ ಅದು ‘ಹ್ಯಾಲೂಸಿನೇಷನ್’. ದೀಪ ತಂದು ತೋರಿಸಿದ ಮೇಲೂ, ‘ಪಕ್ಕದ ಮನೆಯವರು ನನ್ನನ್ನು ಕೊಲ್ಲಲು ಹಾವು ಬಿಡುತ್ತಿದ್ದಾರೆ’ ಎಂಬ ನಂಬಿಕೆ ಅಲುಗದೆ ನಿಂತರೆ ಅದು ‘ಡೆಲ್ಯೂಷನ್’. ಮೊದಲನೆಯದು ಆರೋಗ್ಯವಂತರಿಗೂ ಆಗುತ್ತದೆ. ಎರಡನೆಯದು, ಅದರಲ್ಲೂ ಇಲ್ಲದ ಮನುಷ್ಯರು ಅಥವಾ ಹುಳುಗಳು ಕಣ್ಣಿಗೆ ಕಾಣುವುದು, ಡಿಲೀರಿಯಮ್ಮಿನಲ್ಲಿ ಸಾಮಾನ್ಯ. ಮೂರನೆಯದು ಡಿಮೆನ್ಷಿಯಾದಲ್ಲಿಯೂ ಇತರ ಮನೋರೋಗಗಳಲ್ಲಿಯೂ ಕಂಡುಬರುತ್ತದೆ. ‘ಸೊಸೆ ನನ್ನ ಬಳೆ ಕದ್ದಳು’ ಎಂಬ ಅಜ್ಜಿಯ ದೂರು ಹಲವು ಸಲ ಈ ಬಗೆಯದು. ಇದು ರೋಗದ ಲಕ್ಷಣವೆಂದು ಮೊದಲೇ ತಿಳಿದಿದ್ದರೆ ಎಷ್ಟೋ ಮನೆಗಳಲ್ಲಿ ಜಗಳ ತಪ್ಪೀತು.

4. ಕೇಳುವ ಪ್ರಶ್ನೆ, ಕೊಡುವ ಉತ್ತರ

ರೋಗಿಯ ಚಿತ್ತ ಸ್ಥಿರವಾಗಿದೆಯೇ ಎಂದು ತಿಳಿಯಲು ವೈದ್ಯರು ಕಾಲ, ಸ್ಥಳ, ವ್ಯಕ್ತಿಗಳ ಅರಿವನ್ನು ಪರೀಕ್ಷಿಸುತ್ತಾರೆ. ಇದಕ್ಕೆ ‘ಓರಿಯೆಂಟೇಷನ್’ ಎಂದು ಹೆಸರು. 1975ರಲ್ಲಿ ಫೋಲ್‌ಸ್ಟೀನ್ ದಂಪತಿಗಳು ಮತ್ತು ಮ್ಯಾಕ್‌ಹ್ಯೂ ಪ್ರಕಟಿಸಿದ 30 ಅಂಕಗಳ ಪ್ರಶ್ನಾವಳಿಯಲ್ಲಿ ವರ್ಷ, ಋತು, ತಿಂಗಳು, ತಾರೀಖು, ವಾರಗಳನ್ನು ಕೇಳುತ್ತಾರೆ. ನೂರರಿಂದ ಏಳೇಳನ್ನು ಕಳೆಯುತ್ತಾ ಹೋಗಲು ಹೇಳುತ್ತಾರೆ. 1974ರಲ್ಲಿ ಟೀಸ್‌ಡೇಲ್ ಮತ್ತು ಜೆನೆಟ್ ರೂಪಿಸಿದ ಗ್ಲಾಸ್ಗೋ ಮಾಪನದಲ್ಲಿ ಮಾತಿಗೆ ಐದು ಅಂಕ: ಸರಿಯಾಗಿ ಉತ್ತರಿಸಿದರೆ 5, ‘ಕನ್‌ಫ್ಯೂಸ್ಡ್’ ಆಗಿದ್ದರೆ 4, ಬಿಡಿ ಪದಗಳಾದರೆ 3, ಬರಿಯ ಶಬ್ದಗಳಾದರೆ 2, ಏನೂ ಇಲ್ಲದಿದ್ದರೆ 1.

ಈಗ ಹೊರನಾಡಿನ ಆಸ್ಪತ್ರೆಯ ಕೋಣೆಯನ್ನು ಊಹಿಸಿಕೊಳ್ಳಿ. ಕನ್ನಡವೊಂದನ್ನೇ ಬಲ್ಲ ವೃದ್ಧೆಯನ್ನು ಹಿಂದಿಯಲ್ಲಿ ಪ್ರಶ್ನಿಸಲಾಗುತ್ತದೆ. ಆಕೆ ಕೊಟ್ಟ ಸರಿಯುತ್ತರವೂ ಕೇಳಿದವರಿಗೆ ಬರಿಯ ಶಬ್ದವಾಗಿ ತೋರಿದರೆ ಅಂಕ ಎಲ್ಲಿಗಿಳಿಯಬಹುದು! ಇನ್ನೂ ಸೂಕ್ಷ್ಮವಾದ ಒಂದು ತೊಡಕಿದೆ. ಹಳೆಯ ಕಾಲದವರು ತಿಂಗಳನ್ನು ಪಂಚಾಂಗದಿಂದ ಹೇಳುತ್ತಾರೆ. ಕೃಷ್ಣಾಷ್ಟಮಿಯ ದಿನ ದೆಹಲಿಯ ಆಸ್ಪತ್ರೆಯಲ್ಲಿ ನಮ್ಮ ಅಜ್ಜಿ ‘ಇದು ಶ್ರಾವಣ ಮಾಸ’ ಎಂದರೆ ನಮ್ಮ ಅಮಾಂತ ಗಣನೆಯಂತೆ ಅದು ನೂರಕ್ಕೆ ನೂರು ಸರಿ. ಆದರೆ ಉತ್ತರ ಭಾರತದ ಪೂರ್ಣಿಮಾಂತ ಗಣನೆಯಂತೆ ಹುಣ್ಣಿಮೆಗೇ ಶ್ರಾವಣ ಮುಗಿದು ಅಂದು ಭಾದ್ರಪದದ ಕೃಷ್ಣಪಕ್ಷ. ಚೆನ್ನೈಯಲ್ಲಿ ಸೌರಮಾನವಿರುವುದರಿಂದ ಅಲ್ಲಿ ತಿಂಗಳ ಹೆಸರೇ ಬೇರೆ. ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ಮಾತ್ರ ನಮ್ಮ ಗಣನೆಯೇ ನಡೆಯುತ್ತದೆ. ಜೊತೆಯಲ್ಲಿರುವ ಮಗನೋ ಮಗಳೋ ಇದನ್ನು ವೈದ್ಯರಿಗೆ ವಿವರಿಸದಿದ್ದರೆ ಚಿತ್ತ ಸ್ಥಿರವಾಗಿರುವವರೂ ‘ಡಿಸ್‌ಓರಿಯೆಂಟೆಡ್’ ಎಂದು ದಾಖಲಾಗುವ ಸಂಭವವಿದೆ. ಹಾಗೆಯೇ, ಉತ್ತರ ತಪ್ಪಿದಾಗ ಮಮತೆಯಿಂದ ನಾವೇ ಪಿಸುಮಾತಿನಲ್ಲಿ ಸರಿಯುತ್ತರ ಹೇಳಿಕೊಡುವುದೂ ಅಷ್ಟೇ ಹಾನಿಕರ. ಕೇಳಿದ್ದನ್ನು ಇದ್ದಂತೆ ಕನ್ನಡಕ್ಕೆ ತರುವುದು, ಹೇಳಿದ್ದನ್ನು ಇದ್ದಂತೆ ವೈದ್ಯರಿಗೆ ಮುಟ್ಟಿಸುವುದು, ಇಷ್ಟೇ ನಮ್ಮ ಕೆಲಸ. ಹಲವು ಭಾಷೆ ಬಲ್ಲವರಲ್ಲಿ ಮಿದುಳಿನ ಆಘಾತದಿಂದ ಎಲ್ಲ ಭಾಷೆಗಳೂ ಒಂದೇ ಪ್ರಮಾಣದಲ್ಲಿ ಕೆಡಬೇಕೆಂದಿಲ್ಲ. ಆದ್ದರಿಂದ ರೋಗಿಯ ಮಾತೃಭಾಷೆ ಯಾವುದೆಂದು ಮೊದಲೇ ತಿಳಿಸತಕ್ಕದ್ದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು ಇಂಥ ಪರೀಕ್ಷೆಗಳನ್ನು ಐದು ಭಾರತೀಯ ಭಾಷೆಗಳಿಗೆ ಹೊಂದಿಸಿದ್ದು, ಅವುಗಳಲ್ಲಿ ಕನ್ನಡವೂ ಒಂದೆಂಬುದು ಸಂತೋಷದ ವಿಷಯ.

ಈ ಸಂದರ್ಭದಲ್ಲಿ ಇನ್ನೊಂದು ಸಂಗತಿ. 2013ರಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಹೋದ್ಯೋಗಿಗಳು ಹೈದರಾಬಾದಿನ ನಿಜಾಮ್ಸ್ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಡಿಮೆನ್ಷಿಯಾ ಇದ್ದ 648 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ ಪ್ರಕಟಿಸಿದ ಅಧ್ಯಯನದಂತೆ, ಒಂದೇ ಭಾಷೆ ಬಲ್ಲವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದುಬರಹವಿಲ್ಲದವರಲ್ಲಿಯೂ ಈ ಅಂತರ ಕಂಡುಬಂತು. ಬಹುಭಾಷೆ ರೋಗವನ್ನು ತಡೆಯುತ್ತದೆಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೂ ಮೂರು ಭಾಷೆಗಳ ನಡುವೆ ದಿನವೂ ತೂಗಾಡುವ ಹೊರನಾಡಿನ ಕನ್ನಡಿಗರಿಗೆ ಇದು ಸ್ವಲ್ಪ ನೆಮ್ಮದಿ ತರುವ ವಾರ್ತೆಯೇ.

5. ಕಾಯಿದೆಯ ಮಾತು

ಪದದ ಬೆಲೆ ಆಸ್ಪತ್ರೆಯಿಂದ ಹೊರಗೂ ಇದೆ. ವಾಣಿಜ್ಯದ ವಿದ್ಯಾರ್ಥಿಗಳೆಲ್ಲ ಓದುವ 1872ರ ಭಾರತೀಯ ಕರಾರು ಕಾಯಿದೆಯ 12ನೆಯ ಕಲಮು ‘ಸ್ವಸ್ಥಚಿತ್ತ’ವೆಂದರೆ ಏನೆಂದು ಹೇಳುತ್ತದೆ: ಕರಾರಿನ ಸಮಯದಲ್ಲಿ ಅದನ್ನು ಅರಿತು, ಅದರಿಂದ ತನ್ನ ಹಿತಕ್ಕಾಗುವ ಪರಿಣಾಮವನ್ನು ವಿವೇಚಿಸಬಲ್ಲವನೇ ಸ್ವಸ್ಥಚಿತ್ತನು. ಅದರ ಉದಾಹರಣೆಗಳಲ್ಲಿ ನಮ್ಮ ‘ಡಿಲೀರಿಯಮ್’ ಕೂಡ ಬಂದಿದೆ. ಜ್ವರದ ಸನ್ನಿಯಲ್ಲಿರುವವನು ಆ ಸ್ಥಿತಿ ಇರುವಷ್ಟು ಕಾಲ ಮಾತ್ರ ಕರಾರು ಮಾಡಲಾರ. ಗುಣವಾದ ಮೇಲೆ ಮಾಡಬಲ್ಲ. ಸಾಮಾನ್ಯವಾಗಿ ಅಸ್ವಸ್ಥನಾಗಿದ್ದು ನಡುನಡುವೆ ತಿಳಿಯಾಗುವವನೂ ಆ ತಿಳಿಯಾದ ವೇಳೆಯಲ್ಲಿ ಕರಾರು ಮಾಡಬಹುದು. ಆದುದರಿಂದ ಪ್ರಮಾಣಪತ್ರದಲ್ಲಿ ಬರಿಯ ‘ಕನ್‌ಫ್ಯೂಸ್ಡ್’ ಎಂದಿದ್ದರೆ ಅದು ಯಾರಿಗೂ ಉಪಯೋಗವಿಲ್ಲ. ಯಾವ ಸ್ಥಿತಿ, ತಾತ್ಕಾಲಿಕವೇ ಶಾಶ್ವತವೇ, ಆ ದಿನದಂದು ವಿವೇಚನೆ ಇತ್ತೇ ಎಂಬುದು ಸ್ಪಷ್ಟವಾಗಿರಬೇಕು.

ಇದೇ ಕಾಯಿದೆಯ 201ನೆಯ ಕಲಮಿನಂತೆ, ಅಧಿಕಾರ ಕೊಟ್ಟವನು ಅಸ್ವಸ್ಥಚಿತ್ತನಾದರೆ ಅವನು ಕೊಟ್ಟ ಮುಖ್ತ್ಯಾರ್‌ನಾಮೆ ಕೊನೆಗೊಳ್ಳುತ್ತದೆ. ‘ತಂದೆಯವರ ಪವರ್ ಆಫ್ ಅಟಾರ್ನಿ ಇದೆ, ಚಿಂತೆಯಿಲ್ಲ’ ಎನ್ನುವವರು ಇದನ್ನು ಗಮನಿಸಬೇಕು. ನಾಮನಿರ್ದೇಶನ ಖಾತೆದಾರರ ಮರಣಾನಂತರ ಮಾತ್ರ ಉಪಯೋಗಕ್ಕೆ ಬರುತ್ತದೆ, ಕಾಯಿಲೆಯ ಕಾಲದಲ್ಲಿ ಅಲ್ಲ. ಕೈ ನಡುಗಿ ಸಹಿ ಮಾಡಲಾಗದವರಿಗೆ ಸಾಕ್ಷಿಗಳ ಸಮಕ್ಷಮ ಹೆಬ್ಬೆಟ್ಟಿನ ವ್ಯವಸ್ಥೆ ಬ್ಯಾಂಕುಗಳಲ್ಲಿದೆ. ಆದರೆ ಕೈ ನಡುಗುವುದು ಬೇರೆ, ಚಿತ್ತ ಕದಡುವುದು ಬೇರೆ. ಅರಿವಿಲ್ಲದವರ ಹೆಬ್ಬೆಟ್ಟು ಒತ್ತಿಸುವುದು ಅಪರಾಧಕ್ಕೆ ದಾರಿ. ಹಿರಿಯರು ಆರೋಗ್ಯವಾಗಿರುವಾಗಲೇ, ಅವರ ಮನಃಪೂರ್ವಕ ಒಪ್ಪಿಗೆಯಿಂದ, ಚಿಕಿತ್ಸೆಯ ವೆಚ್ಚಕ್ಕೆ ಬೇಕಾದಷ್ಟು ಹಣವನ್ನು ಇಬ್ಬರಲ್ಲಿ ಯಾರಾದರೂ ವ್ಯವಹರಿಸಬಹುದಾದ ಜಂಟಿ ಖಾತೆಯಲ್ಲಿಡುವುದು ವಿವೇಕದ ಮಾರ್ಗ.

6. ವೈದ್ಯರಿಗೆ ಹೇಳುವ ಕ್ರಮ

ಕೊನೆಯದಾಗಿ, ಕಲಿತುದನ್ನು ಬಳಕೆಗೆ ತರುವ ಬಗೆ. ‘ಕನ್‌ಫ್ಯೂಷನ್’ ಎಂಬ ಪದವನ್ನು ಬದಿಗಿಟ್ಟು, ಕೆಳಗಿನ ಆರು ಪ್ರಶ್ನೆಗಳಿಗೆ ಉತ್ತರವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗುವುದು ಉತ್ತಮ.

ಒಂದು: ಎಂದಿನಿಂದ? ಕೊನೆಯ ಬಾರಿ ಸರಿಯಾಗಿದ್ದ ದಿನ ಮತ್ತು ವೇಳೆ ಯಾವುದು?
ಎರಡು: ದಿನವಿಡೀ ಒಂದೇ ರೀತಿಯೇ, ಅಥವಾ ಏರಿಳಿತವಿದೆಯೇ?
ಮೂರು: ಕೆಟ್ಟಿರುವುದು ಯಾವುದು? ಗಮನವೇ, ನೆನಪೇ, ಮಾತೇ, ಎಚ್ಚರವೇ? ಇಲ್ಲದ್ದು ಕಾಣುತ್ತಿದೆಯೇ, ಕೇಳುತ್ತಿದೆಯೇ?
ನಾಲ್ಕು: ಜ್ವರ, ಕೆಮ್ಮು, ಭೇದಿ, ಮೂತ್ರದ ಉರಿ, ಊಟ ನೀರು ಬಿಟ್ಟಿರುವುದು ಇವೆಯೇ?
ಐದು: ಯಾವ ಯಾವ ಮಾತ್ರೆಗಳು? ಇತ್ತೀಚೆಗೆ ಹೊಸದಾಗಿ ಸೇರಿದ್ದು ಅಥವಾ ಬಿಟ್ಟದ್ದು ಯಾವುದು? ಮದ್ಯಪಾನ ಉಂಟೇ?
ಆರು: ಕಳೆದ ಕೆಲವು ವಾರಗಳಲ್ಲಿ ಬಿದ್ದಿದ್ದರೇ? ತಲೆಗೆ ಪೆಟ್ಟು ಬಿದ್ದು ವಾರಗಳ ನಂತರವೂ ಒಳಗೆ ರಕ್ತ ಸೇರಿ ಗೊಂದಲ ಕಾಣಿಸಬಹುದು.

ಮಧುಮೇಹಿಗಳಲ್ಲಿ ಬೆವರು, ನಡುಕಗಳೊಂದಿಗೆ ಗೊಂದಲ ಕಂಡರೆ ಮನೆಯಲ್ಲೇ ಸಕ್ಕರೆಯ ಮಟ್ಟ ನೋಡಬೇಕು. ಅದು 70 ಮಿಲಿಗ್ರಾಮಿಗಿಂತ ಕೆಳಗಿದ್ದು, ರೋಗಿ ಎಚ್ಚರವಾಗಿದ್ದು ನುಂಗಬಲ್ಲವರಾಗಿದ್ದರೆ, ಮೂರು ಚಹಾಚಮಚೆ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಬೇಕು. ಹದಿನೈದು ನಿಮಿಷದ ನಂತರ ಮತ್ತೆ ನೋಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಆಸ್ಪತ್ರೆಯಲ್ಲಿ ಡಿಲೀರಿಯಮ್ಮಿನ ರೋಗಿಗೆ ಔಷಧದಷ್ಟೇ ಮುಖ್ಯವಾದದ್ದು ಪರಿಚಿತ ಪರಿಸರ. ಕನ್ನಡಕ, ಕಿವಿಯ ಯಂತ್ರ ತಪ್ಪದೆ ಹಾಕಿರಬೇಕು. ಹಗಲು ಬೆಳಕು, ರಾತ್ರಿ ನಿದ್ದೆ ಸಿಗುವಂತಿರಬೇಕು. ಗಡಿಯಾರ, ಕ್ಯಾಲೆಂಡರು ಕಣ್ಣಿಗೆ ಕಾಣುವಂತಿರಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ‘ಅಮ್ಮಾ, ನಾನು ನಿಮ್ಮ ಮಗ. ಇದು ಆಸ್ಪತ್ರೆ. ಇವತ್ತು ಸೋಮವಾರ’ ಎಂದು ಮೆಲ್ಲನೆ, ಮತ್ತೆ ಮತ್ತೆ, ಅವರ ಮಾತಿನಲ್ಲಿಯೇ ಹೇಳುವ ದನಿಯೊಂದು ಹತ್ತಿರವಿರಬೇಕು. ನಮ್ಮ ಸಂಘದ ಸದಸ್ಯರು ಸರದಿಯಂತೆ ಒಬ್ಬೊಬ್ಬರು ಒಂದೊಂದು ಗಂಟೆ ಇಂಥ ರೋಗಿಗಳ ಹಾಸಿಗೆಯ ಬಳಿ ಕುಳಿತು ಕನ್ನಡದಲ್ಲಿ ಮಾತನಾಡುವ ಏರ್ಪಾಡು ಮಾಡಿದರೆ, ಅದಕ್ಕೆ ಖರ್ಚಿಲ್ಲ. ವೈದ್ಯರೊಡನೆ ಇಂಗ್ಲಿಷಿನ ಸರಿಯಾದ ಪದ, ರೋಗಿಯೊಡನೆ ತಾಯ್ನುಡಿಯ ಸಮಾಧಾನದ ಮಾತು: ಈ ಎರಡನ್ನೂ ಆಡಬಲ್ಲವರು ಆ ಕೋಣೆಯಲ್ಲಿ ನಾವು ಮಾತ್ರ.